ಭಾವನ ಡಿಸ್ಕ್ ಪ್ಲೇಯರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕನ್ನು ಜರಡಿ ಹಿಡಿದರೂ ನಮ್ಮ ಭಾವನಂಥ ಕಿವಿ ಇನ್ನೊಂದು ಸಿಗುವುದಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ, ಸಿಟ್ಟಿಗೆ ಹೇಳುತ್ತಿದ್ದೇನೆ! ಆ ಕಿವಿಗೆ ಕೇಳಿಸದ ಸದ್ದೇ ಇರಲಿಲ್ಲ. ಒಂದೇ ಒಂದು ದನಿ ಮಾತ್ರ ಕೇಳಿಸದೆ ಹೋಯಿತು. ಅದು ಯಾರದೆಂದು ಆಮೇಲೆ ಹೇಳುತ್ತೇನೆ. ಮೊದಲು ನಗುವುದಿದ್ದರೆ ನಕ್ಕುಬಿಡಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹಾಲ್ಕುರಿಕೆಯ ಕಡೆ ತೆಂಗಿನ ತೋಟ, ಒಂದಿಷ್ಟು ಹೊಲ, ಎರಡು ಹಸು. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾಯನ್ನು ಅಟ್ಟಕ್ಕೆ ಏರಿಸಿ ಹತ್ತಿರ ಹತ್ತಿರ ಒಂದು ವರ್ಷ ಸುಮ್ಮನೆ ಬಿಡುವುದು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳಬೇಕು. ಒಡೆಯದೆ ಅದನ್ನು ತಿಳಿಯುವುದು ಹೇಗೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀವು, ನಾನು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ, ಅಷ್ಟೆ. ಭಾವ ಅಲ್ಲಾಡಿಸಿದರೆ, "ಇನ್ನೊಂದು ತಿಂಗ್ಳು ಬುಡು, ಒಂದು ಪಕ್ಕ ಅಂಟ್ಕೊಂಡೈತೆ" ಅನ್ನುತ್ತಿದ್ದರು. ಒಡೆದು ನೋಡಿದರೆ ಹಾಗೇ ಇರುತ್ತಿತ್ತು! ಊರವರು ತಮ್ಮ ತಮ್ಮ ಕಾಯಿ ತಂದು ಇವರ ಕಿವಿಗೆ ಹಿಡಿದು ಕೇಳಿಕೊಂಡು ಹೋಗುತ್ತಿದ್ದರು.

ಇಂಥ ಮನುಷ್ಯನ ಕೈಗೆ ಬೆಂಗಳೂರಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಡಿಸ್ಕ್ ಪ್ಲೇಯರು ಸಿಕ್ಕಿತು. ಊರೆಲ್ಲ ವಿಸಿಡಿ ತಂದು ಸಿನಿಮಾ ನೋಡುತ್ತಿದ್ದ ಕಾಲ ಅದು. ಇದರಲ್ಲಿ ಸಿನಿಮಾ ಬರುವುದಿಲ್ಲ, ಬರೀ ಹಾಡು. ಜೊತೆಗೆ ಒಂದು ವೀಣೆಯ ಡಿಸ್ಕು. ತಂದರು, ಹಾಕಿದರು, ಕಣ್ಣು ಮುಚ್ಚಿ ಕೇಳಿದರು, ಮುಖ ಸಿಂಡರಿಸಿದರು.

"ವೀಣೆ ಐತೆ, ತಂತಿ ಐತೆ. ನುಡಿಸೋರ ಬೆರಳೇ ಇಲ್ವಲ್ಲ!"

ಬೆರಳು ಎಲ್ಲಿ ಹೋಯಿತು? ಭಾವ ನನಗೆ ವಿವರಿಸಿದರು. "ಡಿಸ್ಕಲ್ಲಿ ಇರಾದು ಬರೀ ಅಂಕಿ ಕಣಮ್ಮ, ಒಣಗಿದ ಕೊಬ್ಬರಿ ಇದ್ದಂಗೆ. ಅದನ್ನ ತಿರುಗಿ ದನಿ ಮಾಡಿ ಆಚೆಗೆ ಕಳಿಸೋ ಕಡೇ ಬಾಗ್ಲಲ್ಲಿ ಕಂಪ್ನಿಯೋರು ಅಗ್ಗದ ಪಾರ್ಟು ಹಾಕವ್ರೆ. ಅದನ್ನ ಕಿತ್ತು ಒಳ್ಳೇದು ಹಾಕಿದ್ರೆ ಕೊಬ್ಬರಿ ತಿರುಗಿ ಎಳನೀರಾಯ್ತದೆ, ನೋಡ್ತಿರು!"

ನಾನು ತುರುವೇಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಕೊಬ್ಬರಿ ಎಳನೀರಾಗುವುದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ! ಪ್ಲೇಯರಿನ ಮುಚ್ಚಳ ತೆಗೆದವರು ಮತ್ತೆ ಮುಚ್ಚಲೇ ಇಲ್ಲ. ಕೆಪಾಸಿಟರ್ ಬದಲಾಯಿತು, ಎಂಟು ಕಾಲಿನ ಐಸಿ ಬದಲಾಯಿತು, ವೈರು ಬದಲಾಯಿತು. ಕೆಳಗೆ ನೆಲದ ಅದುರು ತಾಗಬಾರದೆಂದು ಮೂರು ತೆಂಗಿನ ಚಿಪ್ಪು ಕವುಚಿ ಇಟ್ಟರು. ಸ್ಪೀಕರ್ ಡಬ್ಬಿಯ ಒಳಗೆ ತೆಂಗಿನ ನಾರು ತುಂಬಿದರು. ತಿಪಟೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಬಾಷಾ ಸಾಬರು ಒಂದು ದಿನ ಅದನ್ನು ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ.

"ಯಜಮಾನ್ರೇ, ಇದು ಮಷೀನಲ್ಲ, ಮರೀಜು. ಇಷ್ಟು ಆಪರೇಷನ್ ಆದ ಮೇಲೆ ಬದುಕಿರೋದೇ ದೊಡ್ಡದು. ಇನ್ನು ಬಿಟ್‌ಬಿಡಿ ಪಾಪ."

ಬಿಡುವವರೇ ಇವರು? ಹತ್ತು ವರ್ಷ ಇದೇ ನಡೆಯಿತು. ಕಂಪನಿಯ ಪಾರ್ಟು ಅದರಲ್ಲಿ ಎಷ್ಟು ಉಳಿದಿತ್ತೋ ನನಗೆ ಗೊತ್ತಿಲ್ಲ. ಇಷ್ಟೆಲ್ಲ ಮಾಡಿ ಕೇಳುತ್ತಿದ್ದದ್ದು ಏನು ಅಂತೀರಿ? ಅದೇ ವೀಣೆ! ಎರಡನೇ ಡಿಸ್ಕನ್ನು ಅವರು ಕೊಳ್ಳಲೇ ಇಲ್ಲ. "ಇದ್ರಲ್ಲೇ ಇನ್ನೂ ಬೆರಳು ಬಂದಿಲ್ಲ, ಇನ್ನೊಂದ್ಯಾಕೆ?"

ಭಾವ ಕೇಳಲು ಕೂತರೆ ಆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಅಕ್ಕ ವಿಷಲ್ ಬರುವ ಹೊತ್ತಿಗೆ ಓಡಿಹೋಗಿ ಒಲೆ ಆರಿಸುತ್ತಿದ್ದಳು. ನಾನು ಹೋದಾಗಲೂ ನಾವಿಬ್ಬರೂ ಹಿತ್ತಲಲ್ಲಿ ಕೂತು ಕಳ್ಳರ ಹಾಗೆ ಪಿಸುಗುಟ್ಟಬೇಕು. ಮಕ್ಕಳಿಲ್ಲದ ಮನೆ, ಇದ್ದದ್ದು ಎರಡೇ ಜೀವ. ಅದರಲ್ಲಿ ಒಂದು ಮಾತಾಡಬಾರದು! ಇದನ್ನು ನಾನು ಬಂಧುಬಳಗದಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅಕ್ಕನೂ ನಗುತ್ತಿದ್ದಳು. ಅವಳ ನಗು ಎಷ್ಟು ಹೊತ್ತು ಇರುತ್ತಿತ್ತು ಎಂದು ನಾನು ನೋಡಲಿಲ್ಲ.

ಅಕ್ಕನಿಗೆ ಇದ್ದದ್ದು ಒಂದು ರೇಡಿಯೋ. ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು. ಅಡಿಗೆಮನೆಯ ಗೂಡಿನಲ್ಲಿ ಇಟ್ಟುಕೊಂಡು ಮಧ್ಯಾಹ್ನ ಕಾರ್ಯಕ್ರಮ ಕೇಳುತ್ತಾ ಅಕ್ಕಿ ಆರಿಸುತ್ತಿದ್ದಳು. ಒಂದು ದಿನ ನೋಡುತ್ತೇನೆ, ರೇಡಿಯೋ ಮೂಕ! ಭಾವ ಅದರ ಹೊಟ್ಟೆ ಬಗೆದು ಯಾವುದೋ ಪಾರ್ಟು ತೆಗೆದುಕೊಂಡಿದ್ದರು.

"ಹಳೇ ಕಾಲದ ಮಾಲು ಕಣಮ್ಮ. ಇವತ್ತು ಹುಡುಕಿದ್ರೂ ಸಿಗಾಕಿಲ್ಲ."

"ಮತ್ತೆ ಅಕ್ಕ ಏನು ಕೇಳ್ಬೇಕು ಭಾವ?"

"ಯಾಕೆ? ವೀಣೆ ಕೇಳ್ಲಿ!"

ಅಕ್ಕ ಮೂಕ ರೇಡಿಯೋವನ್ನು ದಿನಾ ಒರೆಸಿ ಅದೇ ಗೂಡಿನಲ್ಲಿ ಇಡುತ್ತಿದ್ದಳು. ನನಗೆ ಮಾತ್ರ ಆ ಪ್ಲೇಯರನ್ನು ಎತ್ತಿ ಬಾವಿಗೆ ಹಾಕಬೇಕೆನ್ನಿಸಿತು. ಹಾಕಿದ್ದರೆ ಚೆನ್ನಾಗಿತ್ತು.

ಹೋದ ಬೇಸಗೆಯ ಒಂದು ಮಧ್ಯಾಹ್ನ. ಮಾರನೆಯ ದಿನ ಕೊಬ್ಬರಿ ಸುಲಿಯುವವರು ಬರುವವರಿದ್ದರು. ಹಿತ್ತಲ ಕೊಟ್ಟಿಗೆಯ ಅಟ್ಟದಿಂದ ಕಾಯಿ ಇಳಿಸಬೇಕಿತ್ತು. ಅಕ್ಕ ಎರಡು ಸಲ ಕರೆದಳಂತೆ. ಭಾವ ಎರಡು ಸಲವೂ ಕೈ ಎತ್ತಿ "ಇರು" ಅಂದರಂತೆ. ಅವತ್ತು ಹೊಸ ಕೆಪಾಸಿಟರ್ ಹಾಕಿದ್ದರು, ಬೆರಳು ಬರುವುದರಲ್ಲಿತ್ತು! ಅಕ್ಕ ತಾನೇ ಏಣಿ ಹತ್ತಿದಳು. ಮೇಲಿನ ಮೆಟ್ಟಿಲಿನಿಂದ ಕೆಳಗೆ ಬಿದ್ದಳು. ಬಿದ್ದಲ್ಲಿಂದ ಮೂರು ಸಲ ಕೂಗಿದಳು. ಕಾಯಿಯೊಳಗೆ ಕೊಬ್ಬರಿ ಒಂದು ಪಕ್ಕ ಅಂಟಿಕೊಂಡಿರುವುದು ಕೇಳಿಸುವ ಕಿವಿಗೆ ಅದು ಕೇಳಿಸಲಿಲ್ಲ. ಹುಲ್ಲಿಗೆ ಹೊರಟಿದ್ದ ಪಕ್ಕದ ಮನೆಯಾಕೆ ನೋಡಿ ಕಿರುಚಿಕೊಂಡ ಮೇಲೆ ಭಾವ ಹೊರಗೆ ಬಂದು ಕೇಳಿದ ಮಾತು ಏನು ಗೊತ್ತೆ?

"ಏನ್ರಮ್ಮ ಅದು ಗಲಾಟೆ?"

ತುಮಕೂರಿನ ಆಸ್ಪತ್ರೆಯಲ್ಲಿ ತೊಡೆಯ ಮೂಳೆಗೆ ರಾಡು ಹಾಕಿದರು. ಅಕ್ಕ ಈಗ ಒಂದು ಕಾಲು ಎಳೆದುಕೊಂಡು ನಡೆಯುತ್ತಾಳೆ. ಆಸ್ಪತ್ರೆಯ ವರಾಂಡದಲ್ಲಿ ಭಾವ ನನ್ನನ್ನು ಮಾತಾಡಿಸಲು ಬಂದಾಗ ನಾನು ಮುಖ ತಿರುಗಿಸಿದೆ. ಆಮೇಲೆ ಆರು ತಿಂಗಳು ಆ ಮನುಷ್ಯನ ಜೊತೆ ಮಾತಾಡಲಿಲ್ಲ. ಅವರ ಬಗ್ಗೆ ಕಥೆ ಹೇಳಿ ಯಾರನ್ನೂ ನಗಿಸಲೂ ಇಲ್ಲ.

ದಸರಾ ರಜೆಯಲ್ಲಿ ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ತುರುವೇಕೆರೆಯಲ್ಲಿ ನಾನು ಒಬ್ಬಳೇ. ಎರಡು ಕೋಣೆಯ ಮನೆಯಿದೆ, ಸಂಬಳವಿದೆ. ಅಕ್ಕನನ್ನು ಕರೆದುಕೊಂಡು ಬಂದುಬಿಡುವುದು, ಇನ್ನು ಕಳಿಸುವುದಿಲ್ಲ! ನಡುಮನೆಯಲ್ಲಿ ಭಾವ ಎಂದಿನಂತೆ ಪ್ಲೇಯರಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ನನ್ನ ಮೈ ಉರಿದುಹೋಯಿತು. ಇಷ್ಟಾದರೂ ಬುದ್ಧಿ ಬರಲಿಲ್ಲವೇ? ಸೀದಾ ಅಡಿಗೆಮನೆಗೆ ಹೋದೆ.

ಅಕ್ಕ ಸ್ಟೂಲಿನ ಮೇಲೆ ಕೂತು ಒಗ್ಗರಣೆ ಹಾಕುತ್ತಿದ್ದಳು. ನಾನು ಶುರು ಮಾಡಿದೆ. ಹತ್ತು ವರ್ಷದ್ದನ್ನೆಲ್ಲ ಹೇಳಿದೆ. "ಆ ಮನುಷ್ಯನಿಗೆ ಕಿವಿ ಐತೆ, ಕರುಳಿಲ್ಲ. ನೀನು ಸತ್ರೂ ಡಿಸ್ಕು ಮುಗಿದ ಮೇಲೇ ಎದ್ದು ಬರೋದು. ಬಟ್ಟೆ ತುಂಬ್ಕೊ, ಮೂರು ಗಂಟೆ ಬಸ್ಸಿಗೆ ಹೋಗೋಣ." ಅಕ್ಕ ಸೌಟಿನಿಂದ ಗೂಡಿನ ಕಡೆ ಏನೋ ಸನ್ನೆ ಮಾಡಿದಳು. ನೋಡಿದರೆ ಅದೇ ಮೂಕ ರೇಡಿಯೋ. "ಅದನ್ನ ಇನ್ನೂ ಯಾಕೆ ಒರೆಸಿ ಒರೆಸಿ ಇಡ್ತೀಯೇ? ಎಸಿ ಅತ್ಲಾಗೆ!" ಎಂದು ಕೂಗಿದೆ.

ಅಕ್ಕ ನಕ್ಕುಬಿಟ್ಟಳು. ರೇಡಿಯೋ ಕಡೆ ಬಗ್ಗಿ, ಮೆಲ್ಲಗೆ, "ಏನ್ರೀ, ಕೇಳಿಸ್ತಾ?" ಅಂದಳು.

ನಡುಮನೆಯಿಂದ ಉತ್ತರ ಬಂತು. "ಹ್ಞೂ. ಎಲ್ಲಾ ಕೇಳಿಸ್ತು."

ನನ್ನ ಜೀವವೇ ಹೋದಂತಾಯಿತು! ನಡುಮನೆಗೆ ಬಂದೆ. ಪ್ಲೇಯರಿನಲ್ಲಿ ಡಿಸ್ಕು ಇರಲಿಲ್ಲ. ಅದರ ಹೊಟ್ಟೆಯಿಂದ ಒಂದು ವೈರು ಗೋಡೆ ಹತ್ತಿ, ತೊಲೆಯ ಮೇಲೆ ಹಾದು, ಅಡಿಗೆಮನೆಗೆ ಹೋಗಿತ್ತು. ಆ ರೇಡಿಯೋದ ಸ್ಪೀಕರನ್ನು ತಿರುಗಾಮುರುಗಾ ಜೋಡಿಸಿದರೆ ಅದೇ ಮೈಕು ಆಗುತ್ತದೆ. ಇದನ್ನಂತೂ ನಾನು ಓದಿದ್ದೆ. ಇನ್ನೊಂದು ವೈರು ಕೊಟ್ಟಿಗೆಗೆ, ಮತ್ತೊಂದು ಬಚ್ಚಲಮನೆಯ ಬಾಗಿಲಿಗೆ. ಹತ್ತು ವರ್ಷ ತಿದ್ದಿ ತೀಡಿದ ಆ ಕಡೇ ಬಾಗಿಲಿನಿಂದ ಈಗ ಅಕ್ಕ ಹೊರಗೆ ಬರುತ್ತಿದ್ದಳು. ಸಾಸಿವೆ ಸಿಡಿಯುವುದು ಕೇಳಿಸಿತು. ಬಳೆ ಕೇಳಿಸಿತು. ಕಾಲು ಎಳೆಯುವುದೂ ಕೇಳಿಸಿತು.

"ಯಾವಾಗಿನಿಂದ ಭಾವ?" ಆರು ತಿಂಗಳ ಮೇಲೆ ನಾನಾಡಿದ ಮೊದಲ ಮಾತು ಅದು.

"ಆಸ್ಪತ್ರೆಯಿಂದ ಬಂದಾಗ್ನಿಂದ. ಮೂರು ಸಲ ಕೂಗಿದ್ಳಂತೆ ಕಣಮ್ಮ. ನಂಗೆ ಒಂದೂ ಕೇಳ್ಲಿಲ್ಲ." ಅವರು ಕಣ್ಣು ತೆರೆಯಲಿಲ್ಲ. ರೆಪ್ಪೆಯ ಕೆಳಗಿಂದ ನೀರು ಇಳಿಯುತ್ತಿತ್ತು. "ನೀನಂದಿದ್ದು ಸರಿಯಾಗೇ ಐತೆ. ಕರ್ಕೊಂಡೋಗು, ನಾನು ಬ್ಯಾಡ ಅನ್ನಾಕಿಲ್ಲ. ಆದ್ರೆ..."

ಸ್ಪೀಕರಿನಲ್ಲಿ ಅಕ್ಕನ ಉಸಿರು ಮಾತ್ರ ಬರುತ್ತಿತ್ತು. ಅವಳೂ ಕಾಯುತ್ತಿದ್ದಳು.

"ತುರುವೇಕೆರೆ ಗಂಟ ವೈರು ಎಳೆಯಾಕಾಗಲ್ವಲ್ಲಮ್ಮ" ಅಂದರು.

ನಾನು ಅವರನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅಕ್ಕನ ಕಾಲು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಆದರೆ ಅವತ್ತು ಮೂರು ಗಂಟೆ ಬಸ್ಸಿಗೆ ನಾನೊಬ್ಬಳೇ ಹತ್ತಿದೆ. ಹೊರಡುವಾಗ ಅಡಿಗೆಮನೆಗೆ ಹೋಗಿ, ರೇಡಿಯೋ ಹತ್ತಿರ ಬಗ್ಗಿ, "ಬತ್ತೀನಿ ಭಾವ, ಅಕ್ಕ ಹುಷಾರು" ಅಂತ ಹೇಳಿ ಬಂದೆ.