ಹನ್ನೊಂದು ಸಲ ಹಿಂದೆ ಸರಿದ ಬಕೆಟ್ಟು

ಭಾನುವಾರ, ಮಾರ್ಚ್ ಒಂಬತ್ತು, ಬೆಳಿಗ್ಗೆ ಏಳು ಐವತ್ತು. ಅಕ್ಷರ ಸೊಟ್ಟಗಾದರೆ ಸಿಟ್ಟನ್ನು ದೂರಬೇಕು. ಕೆಟ್ಟವರ ಮೇಲೆ ನನಗೆ ಅಷ್ಟೇನೂ ಬೇಸರವಿಲ್ಲ. ಅವರು ಎದುರಿಗೆ ಬರುವಾಗಲೇ ಗೊತ್ತಾಗುತ್ತದೆ, ಪಕ್ಕಕ್ಕೆ ಸರಿಯಬಹುದು. ಆದರೆ ಒಳ್ಳೆಯವನು ಎನ್ನಿಸಿಕೊಂಡವನಿದ್ದಾನಲ್ಲ, ವಠಾರದ ಕೆಡುಕಿಗೆಲ್ಲ ಅವನೇ ಗೊಬ್ಬರ.

ಬೈಯಪ್ಪನಹಳ್ಳಿಯ ನಮ್ಮ ವಠಾರದಲ್ಲಿ ಆರು ಮನೆ, ಒಂದೇ ನಲ್ಲಿ. ದಿನ ಬಿಟ್ಟು ದಿನ ಆರೂವರೆಗೆ ಬರುವ ನೀರು ಏಳೂವರೆಗೆ ನಿಲ್ಲುತ್ತದೆ. ಹಿಂದಿನ ಸಂಜೆಯೇ ಬಕೆಟ್ಟನ್ನು ಸಾಲಿಗಿಡುವುದು ಇಲ್ಲಿನ ಕಟ್ಟಳೆ. ಬಕೆಟ್ಟು ನಿಂತರೆ ಮನುಷ್ಯ ನಿಂತಂತೆ. ಎಲ್ಲರಿಗಿಂತ ಮೊದಲು ನಾನಿಟ್ಟ ಹಸಿರು ಬಕೆಟ್ಟು ಬೆಳಗಾಗುವಷ್ಟರಲ್ಲಿ ಕೊನೆಗೆ ಹೋಗಿರುತ್ತದೆ. ಡೈರಿಯ ಪ್ರಕಾರ ಹದಿನಾಲ್ಕು ಸರದಿಯಲ್ಲಿ ಹನ್ನೊಂದು ಸಲ. ನಾಲ್ಕು ದಿನ ಸ್ನಾನವಿಲ್ಲದೆ ಆಫೀಸಿಗೆ ಹೋಗಿದ್ದೇನೆ. ಒಂದು ದಿನ ಪಕ್ಕದ ಕುರ್ಚಿಯವನು, "ಮಗಾ, ಬೇಜಾರು ಮಾಡ್ಕೋಬೇಡ, ಫ್ಯಾನ್ ಆ ಕಡೆ ತಿರುಗಿಸ್ಲಾ?" ಅಂದ.

ನನ್ನ ಅನುಮಾನ ಪಕ್ಕದ ಕೋಣೆಯ ಶರಣಪ್ಪನ ಮೇಲೆ. ಯಾದಗಿರಿ ಕಡೆಯ ಗಾರೆ ಕೆಲಸದವನು, ದೊಡ್ಡ ಗಂಟಲು. ಅವನ ಕೊಡಗಳು ಯಾವಾಗಲೂ ಸಾಲಿನ ಮುಂದೆ. ಇವತ್ತೂ ನನ್ನದು ಕೊನೆಯಲ್ಲಿತ್ತು. ನೀರು ನಿಂತಿತು, ನನ್ನ ಬಕೆಟ್ಟು ಒಣಗಿಯೇ ಇತ್ತು. ತುಂಬಿಟ್ಟಿದ್ದ ಅವನ ಎರಡೂ ಕೊಡಗಳನ್ನು ಎತ್ತಿ ಚರಂಡಿಗೆ ಸುರಿದೆ. ಸುಳ್ಳೇಕೆ, ಆ ಕ್ಷಣ ಬಹಳ ಹಿತವಾಗಿತ್ತು.

ಶರಣಪ್ಪ ಹೊರಬಂದ. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. "ಯಾಕ್ರೀ ಸರ, ನೀರ್ಯಾಕ ಚೆಲ್ಲಿದ್ರಿ? ಕೂಸಿಗಿ ಜ್ವರ ಬಂದಾವ್ರೀ."

"ನನ್ನ ಬಕೆಟ್ಟು ಹಿಂದಕ್ಕಿಡ್ತೀಯಲ್ಲ, ಅದಕ್ಕೆ!" ಅಂದೆ. ಅಷ್ಟರಲ್ಲಿ ಮಹಡಿಯಿಂದ ಮನೆ ಓನರ್ ಜಯಮ್ಮ ಬಗ್ಗಿದರು. "ಅಯ್ಯೋ, ಅವನಲ್ಲಪ್ಪಾ! ನಾನೇ ನಿನ್ ಬಕೆಟ್ಟು ಹಿಂದಕ್ಕಿಡೋದು. ಯಾರಾದ್ರೂ ಒಬ್ರು ಕೊನೇಲಿ ಇರ್ಲೇಬೇಕಲ್ವಾ? ಬೇರೆಯವ್ರದ್ದು ಮುಟ್ಟಿದ್ರೆ ಜಗಳಕ್ಕೆ ಬರ್ತಾರೆ. ನೀನು ಒಳ್ಳೇ ಹುಡುಗ, ಏನೂ ಅನ್ನಲ್ಲ."

ಹನ್ನೊಂದು ಸಲದ ಸಿಟ್ಟು ಗಂಟಲಿಗೆ ಬಂತು. ತಲೆಯೆತ್ತಿ ನೋಡಿದೆ, ಬಾಯಿ ತೆರೆದೆ. "ಪರ್ವಾಗಿಲ್ಲ ಬಿಡಿ ಆಂಟಿ" ಅಂದೆ! ಅನ್ಯಾಯ ಮಾಡಿದವರಿಗೆ ಕ್ಷಮೆ ಕೊಟ್ಟಾಯಿತು. ನನ್ನಿಂದ ಅನ್ಯಾಯಕ್ಕೊಳಗಾದವನು ಖಾಲಿ ಕೊಡ ಹಿಡಿದು ಎದುರಿಗೇ ನಿಂತಿದ್ದ. ಅವನಿಗೆ ಒಂದು ಮಾತೂ ಹೇಳದೆ ಒಳಗೆ ಬಂದು ಚಿಲಕ ಹಾಕಿಕೊಂಡು, ಇದನ್ನು ಬರೆಯುತ್ತಿದ್ದೇನೆ. ಅವನು ನೀರು ಹುಡುಕಿಕೊಂಡು ಮುಖ್ಯರಸ್ತೆಯ ಕಡೆ ಹೋದದ್ದು ಕಿಟಕಿಯಿಂದ ಕಂಡಿತು.

ಈಗ ಎಂಟೂ ಹತ್ತು. ಅವನಿನ್ನೂ ಬಂದಿಲ್ಲ. "ಪರವಾಗಿಲ್ಲ" ಎನ್ನುವುದು ನನಗೆ ಕರತಲಾಮಲಕ. "ತಪ್ಪಾಯ್ತು" ಎನ್ನುವುದನ್ನು ಬಾಗಿಲು ತೆರೆಯುವ ಮೊದಲು ಹೇಳಬೇಕೋ, ತೆರೆದ ಮೇಲೋ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅವನು ಬರುವುದರೊಳಗೆ ತಿಳಿಸಿದರೆ ಇನ್ನೂ ಉಪಕಾರ.