ಹಗುರ ರೈಲು ಮತ್ತು ಹುರುಳಿ ಒಕ್ಕಣೆ

ಗಂಡನ ಮೇಲೆ ಹೆಂಡತಿಗೆ ಎಷ್ಟು ನಂಬಿಕೆಯಿದೆ ಎಂದು ತಿಳಿಯಲು ಜಾತಕ ನೋಡಬೇಕಾಗಿಲ್ಲ. ಅವನ ಮೊಪೆಡ್ಡಿನ ಹಿಂದೆ ಅವಳು ಕೂರುವ ರೀತಿ ನೋಡಿದರೆ ಸಾಕು. ನನ್ನ ಹೆಂಡತಿ ಸರೋಜ ಮೊದಮೊದಲು ಶೇಂಗಾ ಸುಲಿದು ತಿನ್ನುತ್ತ ಆರಾಮಾಗಿ ಕೂರುತ್ತಿದ್ದಳು, ಕೊಟ್ಟೂರಿನ ಅಂಚಿನ ಕೂಡ್ಲಿಗಿ ರಸ್ತೆಯಲ್ಲಿ ನಾನು ಅವಳನ್ನು ಹುರುಳಿಯ ಮೇಲೆ ಬೀಳಿಸುವವರೆಗೆ. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹುರುಳಿ ಬಳ್ಳಿ ಹಾಸಿಬಿಟ್ಟರೆ ಬಸ್ಸು, ಲಾರಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಮೊಪೆಡ್ಡು ಮಾತ್ರ ಜಾರುತ್ತದೆ. ಇಬ್ಬರಿಗೂ ಪೆಟ್ಟಾಗಲಿಲ್ಲ. ಆದರೆ ಸರೋಜ ಸೀರೆ ಕೊಡವಿಕೊಂಡು, "ಇನ್ನ ನಿಮ್ಮ ಗಾಡಿ ಹತ್ತಾಕಿ ಅಲ್ಲ ನಾ. ಬೀಳದಂಥ ಗಾಡಿ ತಂದ ಮ್ಯಾಲೆ ಕರೀರಿ" ಎಂದು ಟೆಂಪೋ ಹತ್ತಿ ಹೋದಳು. ಒಂಟಿ ಸವಾರಿ ನನಗೆ ಬಹಳ ಬೇಸರವಾಯಿತು. ಹಿಂದೆ ಕೂತು ಬೈಯುವವರೇ ಇಲ್ಲದಿದ್ದರೆ ಗಾಡಿ ಓಡಿಸುವುದರಲ್ಲಿ ಏನು ಸುಖ?

ಬೀಳದಂಥ ಗಾಡಿ ಕೊನೆಗೆ ಒಂದು ವಾರಪತ್ರಿಕೆಯಲ್ಲಿ ಸಿಕ್ಕಿತು. ದೂರದೇಶದ ಊರುಗಳಲ್ಲಿ ಬೀದಿಯಲ್ಲೇ ಹಳಿ ಹಾಕಿ ಹಗುರ ರೈಲು ಓಡಿಸುತ್ತಾರಂತೆ. ಜನ ಅದನ್ನೇ ಹತ್ತುವುದರಿಂದ ಬೇರೆ ವಾಹನಗಳೂ ಕಡಿಮೆ, ಅಪಘಾತವೂ ಕಡಿಮೆಯಂತೆ. ಕೊಟ್ಟೂರಿಗೆ ದೊಡ್ಡ ರೈಲೇ ಬಾರದೆ ನಿಲ್ದಾಣದಲ್ಲಿ ಆಡು ಮೇಯುತ್ತಿದ್ದ ಕಾಲ ಅದು. ಆದರೂ ನಾನು ಪಾಠ ಮಾಡುವ ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಸಭೆ ನಡೆದಾಗ, ಭಾಷಣದಲ್ಲೇ ಹಗುರ ರೈಲನ್ನು ಹಗರಿಬೊಮ್ಮನಹಳ್ಳಿ, ಹರಪನಹಳ್ಳಿವರೆಗೆ ಓಡಿಸಿಬಿಟ್ಟೆ. ಚಪ್ಪಾಳೆಗೆ ಕಾಯುತ್ತಿರುವಾಗ ರೈತರೊಬ್ಬರು ಎದ್ದು, "ಎಲ್ಲಾ ಚಲೋ ಐತ್ರಿ ಸರ. ಮಂದಿ ಎಲ್ಲಾ ರೈಲು ಹತ್ತಿದ್ರ ನಮ್ಮ ಹುರುಳಿ ತುಳಿಯೋರು ಯಾರು?" ಎಂದರು. ಚಪ್ಪಾಳೆ ಅವರಿಗೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಹೆಂಗಸರ ಸಾಲಿನಲ್ಲಿ ಕೂತಿದ್ದ ಸರೋಜ.

ಸಭೆ ಮುಗಿದ ಮೇಲೆ ಅವಳು ನಡೆಯುತ್ತ, ನಾನು ಮೊಪೆಡ್ಡು ತಳ್ಳುತ್ತ ಮನೆಗೆ ಹೊರಟೆವು. ದಾರಿಯಲ್ಲಿ ಅಜ್ಜಿಯೊಬ್ಬಳು ರಸ್ತೆಗೆ ಹುರುಳಿ ಹಾಸಿ ಕೂತಿದ್ದಳು. "ಯಪ್ಪಾ, ಬಸ್ಸು ಇನ್ನಾ ಬಂದಿಲ್ಲ. ನೀನಾರ ನಾಕು ಸುತ್ತು ಹೊಡಿ" ಎಂದಳು. ಹೊಡೆದೆ. ಅವಳು ಬಗ್ಗಿ ಕಾಯಿ ನೋಡಿ, "ಒಂದೂ ಒಡದಿಲ್ಲ. ಭಾಳ ಹಗುರ ಅದಿ ನೀನು. ಯವ್ವಾ, ನೀನೂ ಹಿಂದ ಕುಂದ್ರು" ಎಂದು ಸರೋಜಳನ್ನು ಕರೆದಳು. ನಾನು ಹಿಂದಿನ ಸೀಟಿನ ಧೂಳು ಒರೆಸಿದೆ. ಸರೋಜ ಸೆರಗು ಸಿಕ್ಕಿಸಿಕೊಂಡು ಬಂದು ಹತ್ತಿದಳು. "ಅಜ್ಜಿ ಸಲುವಾಗಿ ಮತ್ತ, ನಿಮ್ಮ ಸಲುವಾಗಿ ಅಲ್ಲ" ಎನ್ನುತ್ತ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು.

ಕಾಲು ನೆಲಕ್ಕೆ ತಾಗಿಸುತ್ತ ಆ ತುದಿಯಿಂದ ಈ ತುದಿಗೆ ಓಡಾಡಿದೆವು. ಕಾಯಿ ಪಟಪಟ ಒಡೆಯುತ್ತಿದ್ದವು. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಅಜ್ಜಿ ಕೈ ಅಡ್ಡ ಹಿಡಿದು, "ತಡಿಯಪ್ಪಾ, ಇವ್ರದು ಇನ್ನೊಂದು ಸುತ್ತು ಐತಿ" ಎಂದು ಡ್ರೈವರನ್ನು ತಡೆದಳು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಅವರಲ್ಲಿ ಅರ್ಧದಷ್ಟು ಜನ ರಸ್ತೆ ಸುರಕ್ಷತೆಯ ಬಗ್ಗೆ ನನ್ನ ಭಾಷಣ ಕೇಳಿ ಈಗಷ್ಟೇ ಹೊರಟವರು.