ಸ್ಮಾರ್ಟ್ ಬೋರ್ಡಿನ ಮೇಲೆ ಸುವರ್ಣಗೆಡ್ಡೆ

ಕೀಂ... ಕೀಂ... ಕೀಂ... ಕರೆಂಟು ಹೋದಾಗ ಯುಪಿಎಸ್ ಪೆಟ್ಟಿಗೆ ರಚ್ಚೆ ಹಿಡಿಯುವ ಸದ್ದು ಇದು. ಕೊಪ್ಪದ ಆ ತರಬೇತಿ ಕೊಠಡಿಯನ್ನು ನೆನೆದರೆ ಈಗಲೂ ಮೊದಲು ಕಿವಿಗೆ ಬರುವುದು ಅದೇ. ಉಳಿದ ಟೀಚರುಗಳು ಕೇಳಿಸಿದರೂ ಕೇಳಿಸದವರಂತೆ ಕೂತಿರುತ್ತಿದ್ದರು. ನಾನು ಮಾತ್ರ ಪ್ರತಿ ಸಲವೂ ಎದ್ದು ಹೋಗಿ ಅದರ ತಲೆ ತಟ್ಟಿ ಬರುತ್ತಿದ್ದೆ, ಏನೂ ಉಪಯೋಗವಿಲ್ಲವೆಂದು ಗೊತ್ತಿದ್ದರೂ. ಸುಮ್ಮನೆ ಕೂರಲು ಬಾರದಿರುವುದು ಒಂದು ಕಾಯಿಲೆ ಎಂದು ಯಾವ ಡಾಕ್ಟರೂ ಒಪ್ಪುವುದಿಲ್ಲ. ನನಗಂತೂ ಅದು ಕಾನ್ವೆಂಟಿನ ದಿನಗಳಿಂದಲೇ ಇದೆ. "ಸಿಟ್ ಸ್ಟಿಲ್, ಚೈಲ್ಡ್" ಎಂದು ಸಿಸ್ಟರುಗಳು ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಪರದೆ ಎಳೆಯುವುದು, ಕಿಟಕಿ ಮುಚ್ಚುವುದು ಮೊದಲಾದ ಕೆಲಸಗಳನ್ನೆಲ್ಲ ನನಗೇ ಬಿಟ್ಟಿದ್ದರು. ಈಗ ಮಂಡಿ ಸವೆದಿದೆ, ಚಪಲ ಸವೆದಿಲ್ಲ.

ಭೂಗೋಳದ ಟೀಚರಾಗಿ ನಿವೃತ್ತಳಾದ ಮೇಲೆ ಮನೆಯಲ್ಲಿ ಡಬ್ಬಗಳ ಜಾಗ ಬದಲಾಯಿಸುತ್ತ ಇದ್ದವಳಿಗೆ ಒಂದು ದಿನ ಫೋನು ಬಂತು. ಶಿಕ್ಷಕರಿಗೆ ಸ್ಮಾರ್ಟ್ ಬೋರ್ಡ್ ಕಲಿಸುವ ಗಿರೀಶ ಎಂಬ ಯುವಕ. "ಮೇಡಂ, ನಿಮ್ಮಂಥ ಸೀನಿಯರ್ಸ್ ಇದ್ರೆ ಒಂದು ವೇಟ್ ಇರುತ್ತೆ. ನೀವೇನೂ ಮಾಡೋದು ಬೇಡ, ಬಂದು ಕೂತ್ಕೊಂಡ್ರೆ ಸಾಕು" ಎಂದ. ಪಾಪ, ನನ್ನಿಂದ ಆಗದ ಆ ಒಂದೇ ಕೆಲಸವನ್ನು ಅವನು ಕೇಳಿದ್ದ.

ಮೊದಲ ದಿನ ಗಿರೀಶ ಬೋರ್ಡಿನ ಮೇಲೆ ಮೂರು ವೃತ್ತ ಬರೆದ. ಒಂದು ವಿಷಯಜ್ಞಾನ, ಒಂದು ಕಲಿಸುವ ವಿಧಾನ, ಒಂದು ತಂತ್ರಜ್ಞಾನ. ಮೂರೂ ಕೂಡುವ ನಡುವಿನ ಚೂರನ್ನು ತೋರಿಸಿ, "ಒಳ್ಳೆ ಶಿಕ್ಷಕರು ನಿಲ್ಲಬೇಕಾದ್ದು ಇಲ್ಲಿ" ಎಂದ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಸರ್, ಜಾಗ ಇಷ್ಟೇ ಇಷ್ಟಿದೆ. ನಾವು ಇಷ್ಟು ಜನ ಹ್ಯಾಗೆ ಹಿಡಿಸೋದು ಮಾರಾಯ್ರೆ?"

ಅದು ಜುಲೇಖಾ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ, ಈಗ ಕೊಪ್ಪದ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರು. ನರಸಿಂಹರಾಜಪುರದಲ್ಲಿ ಅವಳ ತಂದೆಯ ಬಟ್ಟೆ ಅಂಗಡಿ ಇತ್ತು. ಗಿರಾಕಿಯ ಮುಖ ನೋಡಿಯೇ ಯಾವ ಸೀರೆ ತೋರಿಸಬೇಕೆಂದು ತಿಳಿಯುವ ಅಪ್ಪನ ಜಾಣತನ ಮಗಳಿಗೆ ಪಾಠದಲ್ಲಿ ಬಂದಿತ್ತು. ಎಲ್ಲರನ್ನೂ ನಗಿಸಿದ ಅವಳು ಚಹಾದ ಹೊತ್ತಿಗೆ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದಳು: "ಮಿಸ್, ನಂಗೆ ಆಗೋದಿಲ್ಲ ಇದು. ಆ ಬೋರ್ಡ್ ಎದುರು ನಿಂತ್ರೆ ಮಕ್ಕಳು ಬೋರ್ಡ್ ನೋಡ್ತಾವೆ, ನಾನು ಬೆವರು ಒರೆಸ್ಕೊಳ್ತೀನಿ. ಡೆಮೋ ಪಾಠ ಒಂದು ಮಾಡ್ತೀನಿ. ಸರಿ ಬರ್ಲಿಲ್ಲ ಅಂದ್ರೆ ರಾಜೀನಾಮೆ ಬರ್ಕೊಟ್ಟು ಮನೇಲಿ ಕೂತ್ಕೊಳ್ತೀನಿ."

ಇಷ್ಟು ಒಳ್ಳೆಯ ಟೀಚರು ಮನೆಯಲ್ಲಿ ಕೂರುವುದೇ! "ನಾನ್‌ಸೆನ್ಸ್, ಮೈ ಡಿಯರ್, ನಾನಿದ್ದೀನಿ" ಎಂದೆ. ಅವಳ ಕಷ್ಟ ನಿಜವಾಗಿ ಶುರುವಾದದ್ದು ಅಲ್ಲಿಂದ.

ಅವಳು ಆರಿಸಿದ ಪಾಠ ಸಮೋನ್ನತ ರೇಖೆ, ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು. ನಾನು ಬೆಳಿಗ್ಗೆ ಎದ್ದವಳೇ ವೀಡಿಯೊ ಕಳಿಸುತ್ತಿದ್ದೆ, ಹಲ್ಲುಜ್ಜಿ ಬಂದು ಇನ್ನೊಂದು. ಅವಳು ಫೋನು ಮಾಡಿ, "ಮಿಸ್, ಫೋನಲ್ಲಿ ಜಾಗ ಸಾಲದೆ ಮಗಳ ಮದುವೆ ಫೋಟೋ ಎಲ್ಲ ತೆಗೆದುಹಾಕ್ದೆ. ಇನ್ನು ಅಳಿಯನ್ನ ತೆಗೀಬೇಕಷ್ಟೆ" ಎಂದಳು. ನಾನು ಹೆದರಲಿಲ್ಲ. ಗಿರಗಿರ ತಿರುಗುವ ಒಂದು ಹಿಮಪರ್ವತವನ್ನು ಹುಡುಕಿದ್ದೆ. ಹಿನ್ನೆಲೆಯಲ್ಲಿ ವಯಲಿನ್ ಬೇರೆ. ಸೋ ಬ್ಯೂಟಿಫುಲ್!

ಡೆಮೋ ದಿನ ಅವಳ ಶಾಲೆಯ ತರಗತಿಯಲ್ಲಿ ಪರ್ವತ ತಿರುಗಿತು, ವಯಲಿನ್ ಮೊಳಗಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಬಸರೀಕಟ್ಟೆ ಕಡೆಯ ಒಂದು ಹುಡುಗಿ ಎದ್ದು ನಿಂತು, "ಟೀಚರ್, ಈ ಗೆರೆ ಎಲ್ಲ ಗುಡ್ಡದ ಮೇಲೆ ಯಾರು ಎಳೆದಿದ್ದು?" ಎಂದಳು. ಇನ್ನೊಬ್ಬಳು, "ಮಳೆ ಬಂದ್ರೆ ಅಳಿಸಿಹೋಗಲ್ವಾ?" ಎಂದಳು. ಜುಲೇಖಾ ಉತ್ತರಿಸಲು ಬಾಯಿ ತೆರೆದರೆ ವಯಲಿನ್ ನಿಲ್ಲಲಿಲ್ಲ. ಗಿರೀಶ ಒಳ್ಳೆಯವನು. "ಊಟ ಮುಗಿಸಿ ಇನ್ನೊಂದ್ಸಲ ಟ್ರೈ ಮಾಡೋಣ ಟೀಚರ್" ಎಂದ.

ಜುಲೇಖಾ ನೇರ ಬಿಸಿಯೂಟದ ಅಡುಗೆಮನೆಗೆ ಹೋಗಿ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟಳು. "ಮುಗೀತು ಮಿಸ್. ನಾಳೆ ಬರ್ಕೊಡ್ತೀನಿ." ಅಡುಗೆಯ ಸರೋಜಮ್ಮ ಕೈಗೆ ಕೊಬ್ಬರಿಎಣ್ಣೆ ಸವರಿಕೊಂಡು ಮರುದಿನದ ಸಾಂಬಾರಿಗೆ ಸುವರ್ಣಗೆಡ್ಡೆ ಹೆಚ್ಚಲು ಕೂತಿದ್ದಳು. ಅರ್ಧ ಗೆಡ್ಡೆ ಬೋರಲಾಗಿ ಬಿದ್ದಿತ್ತು. ಜುಲೇಖಾ ಅದನ್ನೇ ದಿಟ್ಟಿಸಿದಳು. "ಬೋರ್ಡ್ ಬರೋಕೆ ಮುಂಚೆ ನಾನು ಗೆಡ್ಡೆ ಹೆಚ್ಚಿಯೇ ಈ ಪಾಠ ಮಾಡ್ತಿದ್ದೆ ಮಿಸ್. ಆದ್ರೆ ಮುಂದಿನ ಸಾಲಿನವಕ್ಕೆ ಮಾತ್ರ ಕಾಣ್ತಿತ್ತು, ಹಿಂದಿನವು ಕಿತ್ತಾಡ್ತಿದ್ವು." ನನ್ನ ಕಡೆ ತಿರುಗಿ ಕೇಳಿದಳು: "ಫೋನಲ್ಲಿ ಕಾಣೋದು ಬೋರ್ಡಲ್ಲಿ ದೊಡ್ಡದಾಗಿ ಬರೋ ಹಾಗೆ ಮಾಡಬಹುದು ಅಂದಿದ್ರಲ್ಲ, ಹ್ಯಾಗೆ ಅದು?"

ನಾನು ಕಳಿಸಿದ್ದರಲ್ಲಿ ಅವಳು ಉಳಿಸಿಕೊಂಡಿದ್ದು ಅದೊಂದನ್ನೇ. ತೋರಿಸಿಕೊಟ್ಟೆ. ಅಷ್ಟಕ್ಕೇ ನಿಲ್ಲಬಾರದಿತ್ತೇ? "ಗಿವ್ ಮಿ ದಟ್" ಎಂದು ಗೆಡ್ಡೆಯನ್ನೂ ಕಸಿದು ಬರಿಗೈಯಲ್ಲಿ ಬಿಲ್ಲೆಬಿಲ್ಲೆಯಾಗಿ ಹೆಚ್ಚಿದೆ. ಕಾನ್ವೆಂಟಿನಲ್ಲಿ ನಮಗೆ ಫೋರ್ಕು ಹಿಡಿಯುವುದನ್ನು ಕಲಿಸಿದ್ದರು, ಸುವರ್ಣಗೆಡ್ಡೆ ಹಿಡಿಯುವುದನ್ನಲ್ಲ. ಮೊಣಕೈವರೆಗೆ ತುರಿಕೆ ಹತ್ತಿತು. ಸರೋಜಮ್ಮ ಹುಣಸೆಹಣ್ಣು ಕೊಟ್ಟು, "ಉಜ್ಕೊಳ್ಳಿ ಅಮ್ಮ, ಸದ್ಯ ಕೈಯಾದ್ರೂ ಒಂದ್ಕಡೆ ಇರುತ್ತೆ" ಎಂದಳು.

ಊಟದ ಮೇಲೆ ಜುಲೇಖಾ ಎರಡು ಬಕೆಟ್ ಬೋರಲು ಹಾಕಿ, ಮೇಲೆ ಸ್ಕೇಲಿಟ್ಟು, ಫೋನನ್ನು ಕ್ಯಾಮೆರಾ ಕೆಳಗೆ ನೋಡುವಂತೆ ಕೂರಿಸಿದಳು. ಗೆಡ್ಡೆಯ ದೊಡ್ಡ ಬಿಲ್ಲೆಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದಳು. ಅದರೊಳಗೆ ಅದಕ್ಕಿಂತ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ಬೋರ್ಡಿನ ತುಂಬ ಗೆರೆಗಳು ಮೂಡಿದವು, ಕಟ್ಟಕಡೆಯ ಬೆಂಚಿಗೂ ಕಾಣುವಂತೆ. ಆಮೇಲೆ ಬಿಲ್ಲೆಗಳನ್ನು ಮತ್ತೆ ಒಂದರ ಮೇಲೊಂದು ಪೇರಿಸಿ ಗುಡ್ಡ ಮಾಡಿದಳು. ಏನನ್ನೂ ವಿವರಿಸಲಿಲ್ಲ. "ಈ ಗುಡ್ಡ ಹತ್ತೋದಾದ್ರೆ ಯಾವ ಕಡೆಯಿಂದ ಹತ್ತುತೀರಿ?" ಎಂದು ಕೇಳಿದಳು, ಅಷ್ಟೆ. ಬಸರೀಕಟ್ಟೆಯ ಹುಡುಗಿ ಓಡಿಬಂದು ಗೆರೆಗಳು ಒತ್ತೊತ್ತಾಗಿದ್ದ ಕಡೆ ಬೆರಳು ಮಾಡಿ, "ಇಲ್ಲಿಂದ ಬೇಡ ಟೀಚರ್! ನಮ್ಮ ಕಡೆ ಜೀಪು ನಿಂತೇಹೋಗೋದು ಇಂಥಲ್ಲೇ!" ಎಂದು ಕೂಗಿದಳು.

ನನಗೆ ಕೂರಲಾಗಲಿಲ್ಲ. "ಎಕ್ಸಲೆಂಟ್!" ಎಂದು ಎದ್ದು ಹೋಗಿ ಆ ಗೆರೆಗಳನ್ನು ನಾನೂ ತೋರಿಸಹೊರಟೆ. ಸೆರಗು ಬೋರ್ಡಿಗೆ ತಾಗಿತು. ಗೆಡ್ಡೆ ಮಾಯವಾಗಿ ಹಿಮಪರ್ವತ ಪ್ರತ್ಯಕ್ಷ, ವಯಲಿನ್ ಸಮೇತ. ಇಡೀ ತರಗತಿ ಒಂದೇ ದನಿಯಲ್ಲಿ, "ಅಜ್ಜೀ, ಮುಟ್ಬೇಡೀ!" ಎಂದಿತು.

ರಾಜೀನಾಮೆಯ ಮಾತು ಮತ್ತೆ ಬರಲಿಲ್ಲ. ಜುಲೇಖಾಳನ್ನೇ ಬೇರೆ ಶಿಕ್ಷಕರಿಗೆ ಕಲಿಸಲು ಕರೆಯತೊಡಗಿದರು. ಆಮೇಲೆ ಆ ಕೆಲಸದ ಮೇಲೆ ದೂರದ ಊರಿಗೇ ಹಾಕಿದರು. ಹೋಗುವ ಮುಂಚೆ ಶೃಂಗೇರಿಯಲ್ಲಿ ಅವಳದೊಂದು ತರಬೇತಿಯಿತ್ತು. ಯಾರೂ ಕರೆಯದಿದ್ದರೂ ಹೋಗಿದ್ದೆ. ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ನಾನು ಕೊಪ್ಪಕ್ಕೆ, ಅವಳು ನರಸಿಂಹರಾಜಪುರಕ್ಕೆ. ಹೊಸದೊಂದು ಆ್ಯಪಿನ ಬಗ್ಗೆ ಹೇಳಲು ಶುರು ಮಾಡಿದ್ದೆ, ನೋಡಿದರೆ ಅವಳು ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆಹೋಗಿದ್ದಾಳೆ. ದಿನವಿಡೀ ನಿಂತು ದಣಿದಿದ್ದಳು. ನಾನು ಅಲುಗಲಿಲ್ಲ. ಕೊಪ್ಪ ಬಂತು, ಕಂಡಕ್ಟರು ಕೂಗಿದ, ಕೊಪ್ಪ ಹೋಯಿತು.

ಅವಳ ಊರಿನಲ್ಲಿ ಎಚ್ಚರವಾದಾಗ, "ಅಲ್ಲ ಮಿಸ್, ನೀವೆಂತ ಇಲ್ಲಿ?" ಎಂದು ಗಾಬರಿಯಾದಳು. "ಆ್ಯಪಿನ ವಿಷಯ ಅರ್ಧ ಆಗಿತ್ತಲ್ಲ" ಎಂದೆ. ನಕ್ಕಳು. ಕೈ ಹಿಡಿದು ಇಳಿಸಿದಳು, ಕೊಪ್ಪಕ್ಕೆ ಹೊರಟಿದ್ದ ಬಸ್ಸಿನ ಕಿಟಕಿ ಪಕ್ಕ ಕೂರಿಸಿದಳು, ಕಂಡಕ್ಟರನಿಗೆ ಹೇಳಿದಳು: "ನಮ್ಮ ಟೀಚರು ಇವರು. ಕೊಪ್ಪ ಬರೋವರೆಗೆ ಸೀಟಿಂದ ಏಳೋಕೆ ಬಿಡಬೇಡಿ ಮಾರಾಯ್ರೆ." ಬಸ್ಸು ತಿರುಗುವಾಗ ಅವಳನ್ನು ನೋಡಬೇಕೆಂದು ನಾನು ಎದ್ದುನಿಂತೆ. ಕೆಳಗಿನಿಂದ ಅವಳು, ಹಿಂದಿನಿಂದ ಕಂಡಕ್ಟರು, ಇಬ್ಬರೂ ಒಟ್ಟಿಗೇ ಕೈ ಮಾಡಿ ಕೂರಿಸಿದರು. ಹಾಗಾಗಿ ಕೊನೆಯ ಸಲ ನಾನು ಜುಲೇಖಾಳನ್ನು ಕಂಡಿದ್ದು ಅರ್ಧ ಮಾತ್ರ.